ಕಾಲುವೆಯಿಂದ ಹಬೆ ಪೈಪಿನವರೆಗೆ

ಶಹಾಪುರ, ಸುರಪುರ ಸೀಮೆಯ ನಮ್ಮ ಹಿರಿಯರು ಜೋಳ, ತೊಗರಿ, ಹತ್ತಿ ನಂಬಿ ಬದುಕಿದವರು. 1982ರಲ್ಲಿ ನಾರಾಯಣಪುರ ಜಲಾಶಯ ಮುಗಿದು, ಎಡದಂಡೆ ಕಾಲುವೆ ನೀರು ಹರಿದ ಮೇಲೆ ಭತ್ತ ಬಂತು. ಭತ್ತದ ಹಿಂದೆ ರೈಸ್ ಮಿಲ್ಲು ಬಂದವು. ಕುಸುಬಲಕ್ಕಿಗೆ ಭತ್ತ ನೆನೆಸಿ ಹಬೆಯಲ್ಲಿ ಬೇಯಿಸಬೇಕು. ಹೊಟ್ಟು ಉರಿಸಿದ ಬಾಯ್ಲರಿನಿಂದ ಹಬೆ ಪೈಪಿನಲ್ಲಿ ಬರುತ್ತದೆ. ಪೈಪು ಸ್ವಲ್ಪ ಇಳಿಜಾರಿರಬೇಕು. ಇಲ್ಲದಿದ್ರೆ ಹಬೆ ತಣಿದು ನಿಂತ ನೀರು ಸುತ್ತಿಗೆಯಂಗ ಬಡಿದು ಜಾಯಿಂಟು ಬಿಡ್ತದ. ಬಾಯ್ಲರಿಗೂ ಹಬೆ ಪೈಪಿಗೂ 1923ರಲ್ಲೇ ಕಾನೂನು ಬಂದಿತ್ತು, 2025ರಲ್ಲಿ ಹೊಸದಾಯಿತು.

ಆದರೂ ಒಂದು ಮಿಲ್ಲಿನಲ್ಲಿ ಜಾಯಿಂಟು ಬಿಟ್ಟು ನಮ್ಮೂರ ಹಮಾಲನ ಕೈ ಬೆಂದಿತು. ಸವೆದ ಪ್ಯಾಕಿಂಗ್ "ನಾಳೆ ಹಾಕಿದ್ರಾತು" ಅಂದಿದ್ರು.

ಸದಸ್ಯ ಬಂಧುಗಳೇ, ಮುಂದೆ ನಮ್ಮ ಸಂಘ ಮಿಲ್ಲು ಕಟ್ಟಿದರೆ ಯಂತ್ರದ ಬೆಲೆಯ ಜೊತೆಗೆ ದುರಸ್ತಿ ಖರ್ಚನ್ನೂ ಮೊದಲೇ ತೆಗೆದಿಡೋಣ.