ಬೆಟಗೇರಿ ಸೀಮೆಯ ಕ್ರೈಸ್ತಸಭೆಯೂ ಜಾತಿಭೇದವೂ

ಗದಗು-ಬೆಟಗೇರಿಯಿಂದ ಶಿರಹಟ್ಟಿ, ಬೆಳ್ಳಟ್ಟಿಗಳ ವರೆಗಿನ ಸೀಮೆಗೆ ಮತಸೌಹಾರ್ದವು ಹೊಸದಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದುಗಳೂ ಮುಸಲ್ಮಾನರೂ ಸಮಾನಭಕ್ತಿಯಿಂದ ನಡೆದುಕೊಳ್ಳುವರೆಂಬುದು ಸರ್ವವಿದಿತವಾಗಿದೆ. ಇಂಥ ಸೀಮೆಗೆ ಬಂದ ಕ್ರಿಸ್ತಮತವು ಇದ್ದ ಭೇದಗಳನ್ನು ಕಳೆಯಿತೋ, ಅವಕ್ಕೆ ಮತ್ತೊಂದನ್ನು ಕೂಡಿಸಿತೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಲ್ಲಿಗೆ ಬಂದುದು 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಘವು. ಅದರ ಜನರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿಯೂ, 1851ರಲ್ಲಿ ಗುಳೇದಗುಡ್ಡದಲ್ಲಿಯೂ ನೆಲೆಗೊಂಡರು. ಲೂಥರನ ಪಂಥದ ಜರ್ಮನರೂ ರಿಫಾರ್ಮ್ಡ್ ಪಂಥದ ಸ್ವಿಸ್ ಜನರೂ ಈ ಸಂಘದಲ್ಲಿ ಕೂಡಿ ದುಡಿಯುತ್ತಿದ್ದುದರಿಂದ, ಪಂಥಗಳ ಸಾಮರಸ್ಯವು ಅದರ ಹುಟ್ಟಿನಲ್ಲಿಯೇ ಇದ್ದಿತೆನ್ನಬಹುದು.

ಆದರೆ ಈ ನಾಡಿನಲ್ಲಿ ಅದಕ್ಕೆ ಎದುರಾದುದು ಪಂಥಭೇದವಲ್ಲ, ಜಾತಿಭೇದ. ಕ್ರಿಸ್ತಮತವು ಹೊಕ್ಕಲ್ಲೆಲ್ಲ ಜಾತಿಯು ಅಳಿಯಿತೆಂದು ಭಾವಿಸುವುದು ತಪ್ಪು. ಹದಿನೇಳನೆಯ ಶತಮಾನದಲ್ಲಿ ಮಧುರೆಯ ರಾಬರ್ಟ್ ಡಿ ನೊಬಿಲಿಯು ಜಾತ್ಯಾಚಾರಗಳನ್ನು ಉಳಿಸಿಕೊಂಡೇ ಬೋಧಿಸಿದನು; ಮಂಗಳೂರಿನ ಕೊಂಕಣಿ ಕೆಥೋಲಿಕರಲ್ಲಿ ಬಾಮಣ, ಚಾರೋಡಿ ಎಂಬ ವಿಭಾಗಗಳು ಮತಾಂತರದ ಬಳಿಕವೂ ಉಳಿದುವು; ತಮಿಳುನಾಡಿನ ಲೂಥರನ್ ಸಭೆಗಳಲ್ಲಿ ಈ ವಿಷಯವೇ ದೀರ್ಘ ವಿವಾದಕ್ಕೆ ಕಾರಣವಾಯಿತು. ಬಾಸೆಲ್ಲಿನವರಾದರೋ ಜಾತಿಯನ್ನು ತ್ಯಜಿಸದವನಿಗೆ ಸಭೆಯಲ್ಲಿ ಸ್ಥಾನವಿಲ್ಲವೆಂಬ ಪಕ್ಷವನ್ನು ಹಿಡಿದರು. ಪಂಕ್ತಿಭೇದವೇ ಕುಲದ ಮರ್ಯಾದೆಯಾಗಿದ್ದ ಸಮಾಜದಲ್ಲಿ, ಪ್ರಭುಭೋಜನದ ಒಂದೇ ರೊಟ್ಟಿ, ಒಂದೇ ಪಾತ್ರೆಗಳು ಉಪದೇಶಕ್ಕಿಂತ ಹೆಚ್ಚಿನ ಮಾತನ್ನಾಡಿದುವು.

ಈ ನಿಯಮಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನವನ್ನು ಪಡೆದಾಗ ಸ್ವಕುಲದಿಂದ ದೂರವಾಗಬೇಕಾಯಿತು. ಕುಲದೊಡನೆ ಕುಲವೃತ್ತಿಯನ್ನೂ ಕಳೆದುಕೊಂಡವರ ಜೀವನೋಪಾಯವು ಸಭೆಯ ಹೊಣೆಯಾಯಿತು. ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆಯೂ 1865ರಲ್ಲಿ ಹಂಚಿನ ಕಾರಖಾನೆಯೂ ಆರಂಭವಾದುದಕ್ಕೆ ಇದು ಒಂದು ಮುಖ್ಯ ಕಾರಣ. ಅಲ್ಲಿ ಬೇರೆಬೇರೆ ಕುಲಗಳಿಂದ ಬಂದವರು ಒಂದೇ ಸೂರಿನಡಿ ದುಡಿದರು. ಕೊಡಗಿನಲ್ಲಿ ಮೋಗ್ಲಿಂಗ್ ಪಾದ್ರಿಗಳು ನೆಲವಿಲ್ಲದ ಅಸ್ಪೃಶ್ಯ ಕುಟುಂಬಗಳಿಗಾಗಿ ಆನಂದಪುರವನ್ನು ನೆಲೆಗೊಳಿಸಿದುದೂ ಇದೇ ದೃಷ್ಟಿಯ ಫಲವೇ.

ಹೀಗೆ ಪರರನ್ನು ಒಡಹುಟ್ಟಿದವರನ್ನಾಗಿ ಮಾಡಿದ ಪಂಕ್ತಿಯೇ ಒಡಹುಟ್ಟಿದವರನ್ನು ಪರರನ್ನಾಗಿಯೂ ಮಾಡಿತು. ಸಭೆಯೊಳಗಣ ಐಕ್ಯವನ್ನು ಕೊಂಡಾಡುವ ಲೇಖಕನು ಮನೆಯೊಳಗಣ ಈ ಬಿರುಕನ್ನು ಮರೆಮಾಚಲಾಗದು. ಪಂಕ್ತಿಯಲ್ಲಿ ಸಡಿಲಿದ ಜಾತಿಯು ವಿವಾಹಸಂಬಂಧದ ಮಾತು ಬಂದಾಗ ಕ್ರೈಸ್ತರಲ್ಲಿಯೂ ಮತ್ತೆ ತಲೆಯೆತ್ತುವುದುಂಟು.

ಪಂಥಗಳ ಐಕ್ಯವು ಮುಂದೆ ಕೈಗೂಡಿತು. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ 1947ನೆಯ ಸೆಪ್ಟೆಂಬರ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿತು. ಧಾರವಾಡ, ಬೆಟಗೇರಿಗಳ ಕಡೆಯ ಬಾಸೆಲ್ ಸಭೆಗಳು ಆಗ ಹೊರಗುಳಿದು, 1968ರಲ್ಲಿ ಅದನ್ನು ಕೂಡಿಕೊಂಡುವು. ಈ ಎರಡು ಐಕ್ಯಗಳ ಸ್ವರೂಪವು ಒಂದೇ ಅಲ್ಲ. ಪಂಥಗಳ ಸಂಧಿಯನ್ನು ಪ್ರತಿನಿಧಿಗಳು ಕಾಗದದ ಮೇಲೆ ಸಹಿಮಾಡಿ ಮುಗಿಸಬಹುದು. ಜಾತಿಗಳ ಸಂಧಿಗೆ ಪ್ರತಿನಿಧಿಗಳಿಲ್ಲ. ಅದನ್ನು ಪ್ರತಿಯೊಂದು ಮನೆಯೂ ತನ್ನ ಊಟದಲ್ಲಿಯೂ ಬೀಗತನದಲ್ಲಿಯೂ ತಾನೇ ಮಾಡಿಕೊಳ್ಳಬೇಕಾಗುವುದು. ಬೆಟಗೇರಿಯಲ್ಲಿ 1841ರಲ್ಲಿ ತೊಡಗಿದ ಕಾರ್ಯದಲ್ಲಿ ಇನ್ನೂ ಮುಗಿಯದೆ ಉಳಿದಿರುವ ಭಾಗವು ಇದೇ.