ಯೋಗವಾಹಿ: ಔಷಧಸಂಯೋಗದ ವಿಚಾರ

ಕನ್ನಡದ ಪ್ರಾಚೀನ ಗ್ರಂಥಕಾರರಲ್ಲಿ ಕೆಲವರು ವೈದ್ಯವನ್ನೇ ತಮ್ಮ ಕೃತಿಗೆ ವಸ್ತುವಾಗಿ ಕೈಕೊಂಡರು. ಕೀರ್ತಿವರ್ಮನ ಗೋವೈದ್ಯವು ಹನ್ನೆರಡನೆಯ ಶತಮಾನದ ಆದಿಭಾಗದ್ದು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ವಿಜಯನಗರದ ಕಾಲದಲ್ಲಿ, ಸುಮಾರು 1360ರಲ್ಲಿ, ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಸಾಹಿತ್ಯಚರಿತ್ರೆಯಲ್ಲಿ ಇವುಗಳ ಭಾಷೆ, ಕಾಲಗಳನ್ನು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಇವುಗಳ ಹಿಂದೆ ನಿಂತಿರುವ ಶಾಸ್ತ್ರಪ್ರಶ್ನೆಯೊಂದು ಇಂದಿಗೂ ಜೀವಂತವಾಗಿದೆ: ಒಂದು ಮದ್ದಿನೊಡನೆ ಮತ್ತೊಂದು ಮದ್ದು ದೇಹವನ್ನು ಸೇರಿದಾಗ ಏನಾಗುತ್ತದೆ?

ಈ ಪ್ರಶ್ನೆಗೆ ಮೂಲವು ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಅಲ್ಲಿ ಆಹಾರದ ಗುಣವನ್ನು ನಿರ್ಣಯಿಸುವ ಎಂಟು ಕಾರಣಗಳಲ್ಲಿ ಸಂಯೋಗವೂ ಒಂದೆಂದು ಎಣಿಸಲಾಗಿದೆ. ಎರಡು ಅಥವಾ ಹಲವು ದ್ರವ್ಯಗಳು ಕೂಡಿದಾಗ, ಅವುಗಳಲ್ಲಿ ಯಾವುದೊಂದೂ ಬಿಡಿಯಾಗಿ ಮಾಡಲಾರದ ವಿಶೇಷಕಾರ್ಯವು ಹುಟ್ಟುತ್ತದೆಂಬುದು ಅದರ ಲಕ್ಷಣ. ಜೇನು ತುಪ್ಪಗಳ ಕೂಟವೂ, ಜೇನು ಮೀನು ಹಾಲುಗಳ ಕೂಟವೂ ಅದಕ್ಕೆ ಕೊಟ್ಟಿರುವ ಉದಾಹರಣೆಗಳು. ಅದೇ ಅಧ್ಯಾಯದಲ್ಲಿ ಹಿಪ್ಪಲಿ, ಕ್ಷಾರ, ಲವಣಗಳನ್ನು ಅತಿಯಾಗಿ ಬಳಸಬಾರದೆಂಬ ವಿಧಿಯುಂಟು. ಹಿಪ್ಪಲಿಯು ಯೋಗವಾಹಿ, ಎಂದರೆ ತಾನು ಕೂಡಿದ ದ್ರವ್ಯದ ಗುಣವನ್ನು ಹೊತ್ತು ನಡೆಸತಕ್ಕದ್ದು. ಆದರೂ ಅದನ್ನು ಮಿತಿಮೀರಿ ಸೇವಿಸಬಾರದು ಎಂದು ಅಲ್ಲಿ ಹೇಳಿದೆ. ಹೊಗಳಿಕೆಯೂ ಎಚ್ಚರಿಕೆಯೂ ಒಂದೇ ಎಡೆಯಲ್ಲಿ ಬಂದಿರುವುದು ಗಮನಾರ್ಹ.

ವಿಷಚಿಕಿತ್ಸೆಯಲ್ಲಿ ಇದೇ ವಿಚಾರವು ಬೇರೊಂದು ರೂಪದಿಂದ ತೋರುತ್ತದೆ. ಜಂಗಮವಿಷವು ಮೇಲ್ಮುಖವಾಗಿಯೂ ಬೇರಿನ ವಿಷವು ಕೆಳಮುಖವಾಗಿಯೂ ಹರಿಯುವುದರಿಂದ ಒಂದನ್ನು ಇನ್ನೊಂದು ಕೆಡಿಸಬಲ್ಲುದೆಂದು ಚರಕಸಂಹಿತೆಯು ಹೇಳುತ್ತದೆ. ಸ್ಥಾವರ ಜಂಗಮ ವಿಷಗಳೆರಡನ್ನೂ ಹದಿನಾರು ಅಧಿಕಾರಗಳಲ್ಲಿ ವಿವರಿಸಿದ ಮಂಗರಾಜನು ಈ ದೀರ್ಘ ಪರಂಪರೆಗೆ ಸೇರಿದವನು. ಜೈನವೈದ್ಯರಿಗೆ ಮತ್ತೊಂದು ಕಷ್ಟವಿದ್ದಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಮಾಂಸಸೇವನೆಯನ್ನು ಖಂಡಿಸಿದನು. ಸೋಮನಾಥನ ಗ್ರಂಥದ ಚಿಕಿತ್ಸೆಯು ಮದ್ಯಮಾಂಸಗಳನ್ನು ಬಿಟ್ಟದ್ದು. ಯೋಗದಿಂದ ಒಂದು ದ್ರವ್ಯವನ್ನು ತೆಗೆದವನು ಉಳಿದವುಗಳ ಹೊಂದಿಕೆಯನ್ನು ಮತ್ತೆ ಆಲೋಚಿಸಲೇಬೇಕಾಗುತ್ತದೆ. ಆದಕಾರಣ ಈ ವರ್ಜನೆಯನ್ನು ಮತಾಚಾರವೆಂದು ಮಾತ್ರ ತಿಳಿಯದೆ, ಔಷಧರಚನೆಯ ಸಮಸ್ಯೆಯೆಂದೂ ತಿಳಿಯುವುದು ಯುಕ್ತ.

ಆಧುನಿಕ ಶಾಸ್ತ್ರವು ಈ ಪ್ರಶ್ನೆಗೆ ಪಿತ್ತಜನಕಾಂಗದಲ್ಲಿಯೂ ಕರುಳಿನಲ್ಲಿಯೂ ಉತ್ತರವನ್ನು ಹುಡುಕಿತು. ಕೊಬ್ಬಿನಲ್ಲಿ ಕರಗುವ ಮದ್ದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರಹಾಕುವ ಕಿಣ್ವಗಳು ಅಲ್ಲಿರುತ್ತವೆ. ಅವುಗಳಲ್ಲಿ ಮುಖ್ಯವಾದೊಂದು ವರ್ಗಕ್ಕೆ ಸೈಟೋಕ್ರೋಮ್ ಪಿ-450 ಎಂದು ಹೆಸರು. ಒಂದು ಮದ್ದು ಈ ಕಿಣ್ವಗಳನ್ನು ತಡೆದರೆ ಜೊತೆಯ ಮದ್ದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ; ಕಿಣ್ವಗಳನ್ನು ಹೆಚ್ಚಿಸಿದರೆ ಜೊತೆಯದು ಬೇಗನೆ ಕಳೆದುಹೋಗುತ್ತದೆ. ಕ್ಷಯದ ಮದ್ದಾದ ರಿಫಾಂಪಿಸಿನ್ ಎರಡನೆಯ ಬಗೆಯದು. ಮೆಣಸು ಹಿಪ್ಪಲಿಗಳ ಕಾರವಾದ ಸಾರ ಪೈಪರೀನ್ ಮೊದಲನೆಯ ಬಗೆಯದು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಬೆಂಗಳೂರಿನಲ್ಲಿಯೇ ದೊರೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆರೋಗ್ಯವಂತರಿಗೆ ಅರಿಸಿನದ ಸಾರವಾದ ಕರ್ಕ್ಯುಮಿನ್ 2 ಗ್ರಾಂ ಕೊಡಲಾಯಿತು. ಅದನ್ನೊಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಕಾಣಿಸಲೇ ಇಲ್ಲ, ಅಥವಾ ಅತ್ಯಲ್ಪವಾಗಿ ಕಾಣಿಸಿತು. 20 ಮಿಲಿಗ್ರಾಂ ಪೈಪರೀನ್ ಕೂಡಿಸಿದಾಗ ದೇಹಕ್ಕೆ ದಕ್ಕಿದ ಅಂಶವು ಶೇಕಡಾ 2000ದಷ್ಟು ಏರಿತು. ಇಲಿಗಳಲ್ಲಿ ಈ ಏರಿಕೆಯು ಶೇಕಡಾ 154 ಮಾತ್ರ. ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟುವನ್ನು ಅಸಂಖ್ಯ ಯೋಗಗಳಲ್ಲಿ ಸೇರಿಸಿದ ವೈದ್ಯರ ಅನುಭವಕ್ಕೆ ಇದರಿಂದ ಅಳತೆಯ ಆಧಾರವೊಂದು ಒದಗಿತು. 2009ರಲ್ಲಿ ಭಾರತದಲ್ಲಿ ಹೊರಬಂದ ಕ್ಷಯದ ಮದ್ದೊಂದರಲ್ಲಿ 10 ಮಿಲಿಗ್ರಾಂ ಪೈಪರೀನ್ ಕೂಡಿಸಿ, ರಿಫಾಂಪಿಸಿನ್ನಿನ ಪ್ರಮಾಣವನ್ನು 450ರಿಂದ 200 ಮಿಲಿಗ್ರಾಂಗೆ ಇಳಿಸಲಾಯಿತು.

ಆದರೆ ಇದೇ ಗುಣವು ಅಪಾಯಕ್ಕೂ ದಾರಿಯಾಗಬಲ್ಲುದು. ಪೈಪರೀನ್ ಕೂಡಿಸಿದಾಗ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಇವೆರಡೂ ರಕ್ತದಲ್ಲಿ ಏರುವುದನ್ನು 1991ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಥಿಯೋಫಿಲಿನ್ನಿನ ಹಿತಮಾತ್ರೆಗೂ ವಿಷಮಾತ್ರೆಗೂ ನಡುವಣ ಅಂತರವು ಕಿರಿದು. ಮನೆಯಲ್ಲಿ ಹಿಪ್ಪಲಿಯ ಚೂರ್ಣವನ್ನು ದಿನವೂ ಸೇವಿಸುತ್ತ ಆಸ್ಪತ್ರೆಯ ಗುಳಿಗೆಯನ್ನೂ ನುಂಗುವ ರೋಗಿಯು, ಆ ಸಂಗತಿಯನ್ನು ವೈದ್ಯರಿಗೆ ತಿಳಿಸದಿದ್ದರೆ, ಸರಿಯಾದ ಪ್ರಮಾಣದ ಗುಳಿಗೆಯೇ ಅವನಿಗೆ ಅತಿಮಾತ್ರೆಯಾದೀತು.

ಇಷ್ಟರಿಂದ ಚರಕನಿಗೆ ಕಿಣ್ವಗಳ ಜ್ಞಾನವಿದ್ದಿತೆಂದು ಸಾಧಿಸುವುದು ಸಲ್ಲದು. ಆತನ ಯೋಗವಾಹಿತ್ವವೂ ಇಂದಿನವರ ಕಿಣ್ವನಿರೋಧವೂ ಬೇರೆ ಬೇರೆ ಕಲ್ಪನೆಗಳು. ಹಾಗೆಂದು ಪ್ರಾಚೀನರ ಮಾತನ್ನು ಬರಿಯ ನಂಬಿಕೆಯೆಂದು ತಳ್ಳುವುದೂ ಸರಿಯಲ್ಲ. ಕಾರಣವನ್ನು ಅರಿಯದೆಯೂ ಕಾರ್ಯವನ್ನು ಅವರು ಗುರುತಿಸಿದ್ದರು; ಗುರುತಿಸಿದ್ದರಿಂದಲೇ ಮಿತಿಯನ್ನು ವಿಧಿಸಿದರು. ಆದ್ದರಿಂದ ಕನ್ನಡ ವೈದ್ಯಗ್ರಂಥಗಳನ್ನು ಪರಿಷ್ಕರಿಸುವವರು ಪದ್ಯದ ಪಾಠಕ್ಕೆ ಕೊಡುವ ಗಮನವನ್ನೇ ದ್ರವ್ಯಗಳ ತೂಕ, ಅನುಪಾನ, ನಿಷೇಧಗಳಿಗೂ ಕೊಡತಕ್ಕದ್ದು. ಯೋಗದಲ್ಲಿ ಒಂದು ಹೆಸರು ತಪ್ಪಿದರೆ ಕೆಡುವುದು ಛಂದಸ್ಸು ಮಾತ್ರವಲ್ಲ, ಔಷಧವೂ ಬೇರೆಯಾಗುತ್ತದೆ.