ಶರಾವತಿಯ ಅಳಿವೆ ಮತ್ತು ಕಾಸರಕೋಡಿನ ಕಡಲಾಮೆಗಳು: ಒಂದು ವಿವೇಚನೆ

1520ರ ರಾಯಚೂರು ಕದನವನ್ನು ಕುರಿತು ಬರೆದವರು ಕೋಟೆ, ಫಿರಂಗಿ, ಸೇನಾಬಲಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ವಿಜಯನಗರದ ಅಶ್ವದಳಕ್ಕೆ ಬೇಕಾದ ಉತ್ತಮ ಕುದುರೆಗಳು ಅರಬ್ಬೀ ಸಮುದ್ರವನ್ನು ದಾಟಿಯೇ ಬರಬೇಕಾಗಿದ್ದಿತು. ಅವು ಬಂದಿಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳದಂತೆ ಹೊನ್ನಾವರವೂ ಒಂದು. ನಮ್ಮ ಒಳನಾಡಿನ ಚರಿತ್ರೆಯೊಡನೆ ಹೀಗೆ ಸಂಬಂಧ ಪಡೆದ ಆ ಬಂದರಿನ ಎದುರು ದಂಡೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಶರಾವತಿಯು ಕಡಲನ್ನು ಸೇರುವೆಡೆಯಲ್ಲಿ, ಹೊನ್ನಾವರದ ದಕ್ಷಿಣಕ್ಕೆ, ಕಾಸರಕೋಡು ಗ್ರಾಮದ ಟೊಂಕವೆಂಬ ಮರಳು ನೆಲವಿದೆ. ಮೀನುಗಾರರು ಆ ಮರಳಿನ ಮೇಲೆ ಮೀನನ್ನು ಒಣಗಿಸುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಜಾತಿಯ ಹೆಣ್ಣಾಮೆಗಳು ಅಲ್ಲಿಗೇ ಬಂದು, ಗುಳಿ ತೋಡಿ, ಸುಮಾರು 100 ಮೊಟ್ಟೆಗಳನ್ನಿಟ್ಟು ಮರಳುತ್ತವೆ. ಮರಳಿನ ಕಾವಿನಿಂದಲೇ 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಕಡಲ ಮೇಲಣ ಮಂದ ಬೆಳಕನ್ನು ಅನುಸರಿಸಿ ನೀರನ್ನು ಸೇರುತ್ತವೆ.

ಇಂತಹ ತೀರಗಳನ್ನು ಮನುಷ್ಯಸ್ಪರ್ಶವಿಲ್ಲದ ತಾಣಗಳೆಂದು ವರ್ಣಿಸುವುದು ವಾಡಿಕೆ. ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರದಲ್ಲಿ ಬಾಲಕರ 23 ಹಾಗೂ ಬಾಲಕಿಯರ 13 ಶಾಲೆಗಳನ್ನು ಕಂಡುದಾಗಿ ಹೇಳಿದ್ದಾನೆ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ನೌಕಾಪಡೆಯು ಇಲ್ಲಿ ಹಡಗುಗಳನ್ನು ಸುಟ್ಟಿತು. 1783–84ರಲ್ಲಿ ಟಿಪ್ಪುವಿನ ಸೈನ್ಯವು ಇಂಗ್ಲಿಷರ ವಶದಲ್ಲಿದ್ದ ಕೋಟೆಯನ್ನು ಮುತ್ತಿತು. ಇಷ್ಟು ಗದ್ದಲದ ನೆರೆಯಲ್ಲಿಯೂ ಮರಳು ಬಯಲಾಗಿ ಉಳಿದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹಾಯಿಹಡಗುಗಳಿಗೆ ನದಿಯ ಒಳನೀರಿನ ಆಶ್ರಯವೇ ಸಾಕಾಗಿದ್ದಿತು. ಮೀನು ಒಣಗಿಸುವವರಿಗೆ ಬೇಕಾದುದು ಬಿಸಿಲಿಗೆ ತೆರೆದ ಮರಳು. ಆಮೆಗೆ ಬೇಕಾದುದೂ ಅದೇ. ಆದುದರಿಂದ ಈ ತೀರದ ನೈಜತೆಯು ಜನವಿಹೀನತೆಯ ಫಲವಲ್ಲ, ಮಿತವಾದ ಬಳಕೆಯ ಫಲ.

ಆ ಮಿತಿಯೇ ಇಂದು ವಿವಾದಕ್ಕೊಳಗಾಗಿದೆ. ಟೊಂಕದಲ್ಲಿ ಖಾಸಗಿ ಬಂದರನ್ನೂ ಅದಕ್ಕೆ ರಸ್ತೆಯನ್ನೂ ನಿರ್ಮಿಸುವ ಯೋಜನೆಯನ್ನು ಮೀನುಗಾರರು ವಿರೋಧಿಸುತ್ತ ಬಂದಿದ್ದಾರೆ. 2021ರಲ್ಲಿ ರಸ್ತೆಯ ಕಾಮಗಾರಿಯು ತೀವ್ರ ಪ್ರತಿಭಟನೆಗೆ ಎಡೆಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಮೆಗೆ ಅತ್ಯುಚ್ಚ ರಕ್ಷಣೆಯನ್ನಿತ್ತಿದೆ. ಆದರೆ ಮರಳು ಗಟ್ಟಿಯಾದಲ್ಲಿ ಆಮೆಯು ಗುಳಿ ತೋಡಲಾರದು. ದಡದ ದೀಪಗಳು ಮರಿಗಳನ್ನು ಕಡಲಿನಿಂದ ವಿಮುಖಗೊಳಿಸುವುವು. ಅದೇ ನೆಲದಲ್ಲಿ ಮೀನು ಒಣಗಿಸುವವರ ಜೀವನೋಪಾಯವೂ ಅಡಗಿದೆ.

ಹೊನ್ನಾವರದ ಚರಿತ್ರೆಯು ಈವರೆಗೆ ಬಹುಮಟ್ಟಿಗೆ ಹಡಗು, ಕುದುರೆ ಮತ್ತು ಕೋಟೆಗಳ ಚರಿತ್ರೆಯಾಗಿದೆ. ಶಾಸನವನ್ನಾಗಲಿ ದಫ್ತರವನ್ನಾಗಲಿ ಬಿಟ್ಟುಹೋಗದ ಎದುರು ದಂಡೆಯ ಬಾಳುವೆಯನ್ನೂ ಅದರಲ್ಲಿ ಸೇರಿಸಿಕೊಳ್ಳುವುದು ಸಂಶೋಧಕರ ಕರ್ತವ್ಯವಾಗಿದೆ. ಆ ಮರಳು ಉಳಿದಿರುವಾಗಲೇ ಅದು ನಡೆಯತಕ್ಕದ್ದು.